ಇವತ್ತಿನ ಬೇಸರ ಎಷ್ಟು ಸೆಂಟು? ದಿನದ ಕಷ್ಟಗಳಿಗೆ ಗ್ರಾಫ್ ಹಾಕುವವರು ಬನ್ನಿ

ತೋಟದಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ದಿನದ ಸಣ್ಣಪುಟ್ಟ ಕಷ್ಟಗಳನ್ನು ಲೆಕ್ಕ ಇಟ್ಟು ಬರೆಯುವವರು ಇಲ್ಲಿ ಯಾರಾದರೂ ಇದ್ದೀರಾ? ನಮ್ಮ ಕಡೆ ಕಾಫಿ ತೋಟದ ಮನೆಗಳಲ್ಲಿ ಅಂಗಳದಲ್ಲಿ ರೇನ್‌ಗೇಜ್ ಇರುತ್ತದೆ, ಒಳಗೆ ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಅಳೆದು ಇಂಚು, ಸೆಂಟು ಬರೆಯಲೇಬೇಕು. ಬಯಲುಸೀಮೆಯವರಿಗೆ ಹೇಳುತ್ತೇನೆ: 100 ಸೆಂಟು ಅಂದರೆ 1 ಇಂಚು, ಅಂದರೆ 25.4 ಮಿಲಿಮೀಟರ್.

ಅದೇ ಪುಸ್ತಕದಲ್ಲಿ ಪಕ್ಕದ ಕಾಲಂ ಖಾಲಿ ಇತ್ತು. ಅಲ್ಲಿ ನಾನು ಕಷ್ಟದ ಮಳೆ ಬರೆಯಲು ಶುರು ಮಾಡಿದ್ದೇನೆ. ಚಪ್ಪಲಿ ಉಂಗುಷ್ಟ ಕಿತ್ತರೆ 5 ಸೆಂಟು. ಹಾಲು ಉಕ್ಕಿದರೆ 10. ರುಬ್ಬುತ್ತಿರುವಾಗ ಕರೆಂಟು ಹೋದರೆ 20. ಜೀಪು ಕೆಸರಿನಲ್ಲಿ ಹೂತರೆ 50. ನೆಂಟರು ಬಂದು ಕೂತ ಮೇಲೆ ಗ್ಯಾಸ್ ಮುಗಿದರೆ ಪೂರ್ತಿ 1 ಇಂಚು. ತಿಂಗಳ ಕೊನೆಗೆ ಕಂಬದ ಗ್ರಾಫ್ ಹಾಕುತ್ತೇನೆ. ಅದರ ಮೇಲೆಯೇ ಮನಸ್ಸು ಹೇಗಿತ್ತು ಅಂತ 10ಕ್ಕೆ ಅಂಕ ಕೊಟ್ಟು ಒಂದು ಗೆರೆ ಎಳೆಯುತ್ತೇನೆ.

ಸಮಸ್ಯೆ ಏನಂದರೆ ಕಂಬಕ್ಕೂ ಗೆರೆಗೂ ಹೊಂದಾಣಿಕೆಯೇ ಇಲ್ಲ. ಒಂದು ಇಂಚು ಕಷ್ಟ ಸುರಿದ ದಿನ ನಗುತ್ತಾ ಮಲಗಿದ್ದೇನೆ. ಬರೀ 5 ಸೆಂಟಿನ ಚಪ್ಪಲಿ ಕಿತ್ತ ದಿನ ಅಳು ಬಂದಿದೆ. ಅಳತೆ ಸರಿಯಿಲ್ಲವಾ, ಗ್ರಾಫ್ ಸರಿಯಿಲ್ಲವಾ? ಗೊತ್ತಿದ್ದವರು ಹೇಳಿ. ನನಗೆ ಇದು ನಿಜಕ್ಕೂ ತಿಳಿಯಬೇಕು.

ಕೊಪ್ಪದ ಕೂಸು

ಮಾರಾಯ್ರೆ, ಕಡುಬಿನ ಪಾತ್ರೆಯ ನೀರು ಆರಿ ತಳ ಸೀದರೆ ಎಷ್ಟು ಸೆಂಟು?

ತೋಟದಮನೆ (ಮೂಡಿಗೆರೆ)

15. ಅದೇ ಮಕ್ಕಳನ್ನು ಶಾಲೆಗೆ ಕಳಿಸುವ ಹೊತ್ತಾದರೆ 25.

ಹೇಮಾವತಿ ದಂಡೆ (ಹಾಸನ)

ಅಳತೆ ಸರಿಯಾಗೇ ಇದೆ ಸಾರ್. ಆದರೆ ಕಷ್ಟ ಬೇರೆ, ಮನಸ್ಸು ಬೇರೆ. ಕಷ್ಟ ಅನ್ನುವುದು ಮಳೆ. ಇವತ್ತು ಬಿತ್ತು, ಇವತ್ತಿನ ಲೆಕ್ಕಕ್ಕೆ ಬಂತು. ಮನಸ್ಸು ಅನ್ನುವುದು ಡ್ಯಾಂ. ಅಲ್ಲಿ ನಿನ್ನೆಯದು, ಮೊನ್ನೆಯದು, ಹೋದ ವಾರದ್ದು ಎಲ್ಲವೂ ನಿಂತಿರುತ್ತದೆ.

ನಿಮ್ಮ ಮೂಡಿಗೆರೆಯ ಜಾವಳಿ ಕಡೆ ಹುಟ್ಟುವ ಹೇಮಾವತಿಯನ್ನೇ ತಗೊಳ್ಳಿ. ಗೊರೂರಿನಲ್ಲಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಸಾಮರ್ಥ್ಯ 37.103 ಟಿಎಂಸಿ. ಮಳೆಗಾಲದಲ್ಲಿ ಪೇಪರಿನವರು ಬರೀ ಮಳೆ ಎಷ್ಟು ಅಂತ ಹಾಕಿ ಸುಮ್ಮನಾಗುವುದಿಲ್ಲ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ಹಾಕುತ್ತಾರೆ. ಡ್ಯಾಂ ತಳದಲ್ಲಿದ್ದಾಗ ಎಷ್ಟು ಜೋರು ಮಳೆ ಬಂದರೂ ಗೇಟಿನ ಮಾತೇ ಇಲ್ಲ. 2,922ಕ್ಕೆ ತುಂಬಿ ನಿಂತಿದ್ದರೆ ಸಣ್ಣ ಮಳೆಗೂ ಗೇಟು ಎತ್ತಬೇಕು. ನಿಮ್ಮ ಚಪ್ಪಲಿ ಕಿತ್ತಿದ್ದು ಡ್ಯಾಂ ತುಂಬಿದ ದಿನ. ಅಷ್ಟೇ.

ಹಾಗಾಗಿ ಕಷ್ಟಕ್ಕೆ ಸೆಂಟು ಇರಲಿ. ಮನಸ್ಸಿಗೆ ಅಡಿ ಇಡಿ. ಜೊತೆಗೆ ಹೊರಹರಿವಿನ ಕಾಲಂ ಒಂದು ಬೇಕೇ ಬೇಕು. ನಿದ್ದೆ, ಒಂದು ಸುತ್ತು ನಡೆದಿದ್ದು, ಸ್ನೇಹಿತನ ಹತ್ತಿರ ಹೇಳಿಕೊಂಡಿದ್ದು, ಇವೆಲ್ಲ ಹೊರಹರಿವು.

ಬೇಲೂರು ಬಸ್ಸು

ಇದು ಸೂಪರ್. ನನ್ನದು ಇವತ್ತು 2,919 ಅಡಿ. ಯಾರೂ ಮಾತಾಡಿಸಬೇಡಿ.

ತೆಂಗಿನಗರಿ (ಚನ್ನರಾಯಪಟ್ಟಣ)

ಅಣ್ಣ, ನಾನು ಒಪ್ಪಲ್ಲ. ಡ್ಯಾಂ ತುಂಬಿದರೆ ನಮ್ಮ ಕಡೆ ಖುಷಿ. ಬಾಗಿನ ಬಿಡುತ್ತಾರೆ, ನಾಲೆಗೆ ನೀರು ಬರುತ್ತದೆ, ಕೆರೆ ತುಂಬುತ್ತದೆ. ನೀವು ತುಂಬಿದ ಡ್ಯಾಂ ಅನ್ನು ದುಃಖ ಅಂತ ಹೇಳಿದರೆ ನಮ್ಮ ಊರಿನಲ್ಲಿ ಯಾರೂ ಈ ಗ್ರಾಫ್ ಮುಟ್ಟುವುದಿಲ್ಲ. ಡ್ಯಾಂನಲ್ಲಿ ಇರುವುದು ತಾಳ್ಮೆ ಅಂತ ಇಟ್ಟುಕೊಳ್ಳಿ. ಪ್ರತಿ ಕಷ್ಟವೂ ಅದರಿಂದ ಸ್ವಲ್ಪ ನೀರು ಖಾಲಿ ಮಾಡುತ್ತದೆ. ನಿದ್ದೆ, ಊಟ, ಸ್ನೇಹಿತರು ಒಳಹರಿವು. ತಳ ಕಂಡ ದಿನ ಚಪ್ಪಲಿ ಕಿತ್ತರೆ ಅಳು ಬರುತ್ತದೆ. ಲೆಕ್ಕ ಅದೇ, ಆದರೆ ಮರ್ಯಾದೆಯ ಲೆಕ್ಕ.

ಹೇಮಾವತಿ ದಂಡೆ (ಹಾಸನ)

ಲೆಕ್ಕ ಅದೇ ಅಲ್ಲ ತಮ್ಮಾ. ತಾಳ್ಮೆ ಖಾಲಿಯಾದರೆ ಸುಮ್ಮನೆ ಕೂರುತ್ತೇವೆ. ಬೇಸರ ತುಂಬಿದರೆ ಕೂಗಾಡುತ್ತೇವೆ. ಒಂದು ಬರ, ಇನ್ನೊಂದು ಪ್ರವಾಹ. ಎರಡೂ ಬೇರೆ ಕಾಯಿಲೆ.

ತೆಂಗಿನಗರಿ (ಚನ್ನರಾಯಪಟ್ಟಣ)

ಹಾಗಿದ್ದರೆ ಎರಡು ಡ್ಯಾಂ ಇಡಿ. ಹಾಸನದವರಿಗೆ ಡ್ಯಾಂ ಕಡಿಮೆಯಾ? ಬೇಲೂರಿನ ಹತ್ತಿರ ಯಗಚಿ ಇದೆ, ಆಲೂರು ಕಡೆ ವಾಟೆಹೊಳೆ ಇದೆ.

ಬಿಳಿಹೂ (ಆಲ್ದೂರು)

ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಮಳೆ ಅಂದರೆ ಕಷ್ಟ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಲ್ಲ, ಕಾಫಿ ಬೆಳೆಗಾರರನ್ನು ಒಂದು ಮಾತು ಕೇಳಬೇಕಿತ್ತು.

ಮಾರ್ಚ್‌ನಲ್ಲಿ 1 ಇಂಚು ಮಳೆ ಬಂದರೆ ಅದು ಹೂಮಳೆ. ಊರಿಗೆ ಊರೇ ಫೋನಿನಲ್ಲಿ "ನಿಮಗೆ ಎಷ್ಟು ಸೆಂಟು" ಅಂತ ಕೇಳುತ್ತಿರುತ್ತದೆ. ಒಂದು ವಾರ ಹತ್ತು ದಿನದಲ್ಲಿ ಗಿಡ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಅದೇ 1 ಇಂಚು ಡಿಸೆಂಬರಿನಲ್ಲಿ ಬಂದರೆ? ಕಣದ ತುಂಬಾ ಕಾಫಿ ಹರಡಿರುತ್ತದೆ. ಟಾರ್ಪಾಲು ಎಳೆಯುವಷ್ಟರಲ್ಲಿ ಎಲ್ಲಾ ನೆನೆದು ಹೋಗಿರುತ್ತದೆ. ಗಿಡದಲ್ಲಿ ಉಳಿದ ಹಣ್ಣು ನೆಲಕ್ಕೆ ಉದುರುತ್ತದೆ. ಅಳತೆ ಒಂದೇ. ಒಂದು ವರ್ಷದ ಅನ್ನ ಕೊಡುತ್ತದೆ, ಇನ್ನೊಂದು ಕಸಿಯುತ್ತದೆ.

ಹಾಗಾಗಿ ಘಟನೆಗೆ ಮೊದಲೇ ಸೆಂಟು ನಿಗದಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕರೆಂಟು ಹೋಗುವುದು ರುಬ್ಬುವಾಗ ಕಷ್ಟ. ಪರೀಕ್ಷೆಗೆ ಓದು ಅಂತ ಬೈಸಿಕೊಳ್ಳುತ್ತಿರುವ ಹುಡುಗನಿಗೆ ಅದೇ ಹಬ್ಬ. ತಾರೀಖು, ಹೊತ್ತು, ಯಾರಿಗೆ ಅನ್ನುವುದು ಇಲ್ಲದೆ ಅಂಕಿಗೆ ಬೆಲೆಯಿಲ್ಲ.

ಸಕಲೇಶಪುರ ಸುಂಟರಗಾಳಿ

ಸರಿ ಸರಿ, ಈ ಸಲ ನಿಮ್ಮ ಕಡೆ ಹೂಮಳೆ ಎಷ್ಟಾಯಿತು? ನಮಗೆ ಬರೀ ಗುಡುಗು. ರೋಬಸ್ಟಾಗೆ ಸ್ಪ್ರಿಂಕ್ಲರ್ ಹೊಡೆದು ಡೀಸೆಲ್ ಖರ್ಚು ಬೇರೆ.

ಬಿಳಿಹೂ (ಆಲ್ದೂರು)

ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬಂದು ವಿವರವಾಗಿ ಬರೆಯುತ್ತೇನೆ. ಇಲ್ಲಿ ಶುರು ಮಾಡಿದರೆ ರೇಟು, ಆನೆ, ಕಾಂಡಕೊರಕ ಎಲ್ಲಾ ಬರುತ್ತದೆ.

ಅಜ್ಜಂಪುರದ ಅಜ್ಜ

ಮಕ್ಕಳೇ, ನಿಮ್ಮ ಗ್ರಾಫ್ ಎಲ್ಲಾ ನೋಡಿದೆ. ಸೋಮವಾರ ಕಷ್ಟ ಜಾಸ್ತಿ ಅಂತ ಎಲ್ಲರಿಗೂ ಅನುಭವ ಇದ್ದೇ ಇದೆ. ಅದಕ್ಕೆ ಕಾರಣ ಪಂಚಾಂಗದಲ್ಲೇ ಇದೆ. ಸೋಮವಾರ ಬೆಳಿಗ್ಗೆ 7:30ರಿಂದ 9ರವರೆಗೆ ರಾಹುಕಾಲ. ಆ ಹೊತ್ತಿನಲ್ಲೇ ನೀವು ಮನೆಯಿಂದ ಹೊರಡುತ್ತೀರಿ.

ಕಡೂರು ಲೆಕ್ಕದ ಮೇಷ್ಟ್ರು

ಅಜ್ಜಾ, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಸೋಮವಾರ 7:30ರಿಂದ 9ರೊಳಗೆ ಮಕ್ಕಳ ಟಿಫಿನ್ ಬಾಕ್ಸ್, ಯೂನಿಫಾರ್ಮ್ ಇಸ್ತ್ರಿ, ಸ್ಕೂಟರ್ ಕೀ, ಬಸ್ಸು ಎಲ್ಲಾ ಒಟ್ಟಿಗೆ ಬರುತ್ತವೆ. ರಜೆ ಮುಗಿದ ಮಾರನೇ ದಿನ ಬೇರೆ. ಮಾಡುವ ಕೆಲಸ ಜಾಸ್ತಿಯಾದರೆ ಕೆಡುವ ಕೆಲಸವೂ ಜಾಸ್ತಿ. ರಾಹುಕಾಲವೇ ಕಾರಣ ಅಂತಾದರೆ ಬುಧವಾರ 12ರಿಂದ 1:30ರವರೆಗೂ ಅಷ್ಟೇ ಕಷ್ಟ ಬರಬೇಕಲ್ವಾ? ಆ ಹೊತ್ತಿನಲ್ಲಿ ಎಲ್ಲರೂ ಊಟಕ್ಕೆ ಕೂತಿರುತ್ತಾರೆ.

ಪರೀಕ್ಷೆ ಮಾಡುವುದು ಸುಲಭ. ಕಷ್ಟದ ಕಾಲಂ ಪಕ್ಕ ಗಂಟೆ ಬರೆಯಿರಿ. ರಾಹುಕಾಲ ದಿನಾ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಕಷ್ಟ ಅದರ ಹಿಂದೆ ಓಡುತ್ತದಾ, ಅಥವಾ ದಿನಾ ಬೆಳಿಗ್ಗೆಯೇ ನಿಲ್ಲುತ್ತದಾ ಅಂತ ಗ್ರಾಫ್ ನೋಡಿದರೆ ಗೊತ್ತಾಗುತ್ತದೆ.

ಅಜ್ಜಂಪುರದ ಅಜ್ಜ

ಮೇಷ್ಟ್ರೇ, ಭಾನುವಾರ ಸಂಜೆ 4:30ರಿಂದ 6ಕ್ಕೂ ರಾಹುಕಾಲ. ಆ ಹೊತ್ತಿನಲ್ಲಿ ಮನಸ್ಸಿಗೆ ಆಗುವ ಸಂಕಟ ನಿಮಗೆ ಆಗುವುದಿಲ್ಲವೇ?

ಕಡೂರು ಲೆಕ್ಕದ ಮೇಷ್ಟ್ರು

ಆಗುತ್ತದೆ ಅಜ್ಜಾ. ನೋಟ್ಸ್ ತಿದ್ದುವುದು ಬಾಕಿ ಇರುತ್ತದೆ. ಅದಕ್ಕೆ ರಾಹುವನ್ನು ಎಳೆದು ತರಲಾರೆ. ಆದರೂ ನೀವು ಪಂಚಾಂಗ ಇಟ್ಟುಕೊಂಡು ಬರೆಯಿರಿ, ನಾನು ಗಡಿಯಾರ ಇಟ್ಟುಕೊಂಡು ಬರೆಯುತ್ತೇನೆ. ಯುಗಾದಿಗೆ ಹೋಲಿಸೋಣ.

ಕೊಪ್ಪದ ಕೂಸು

ಛತ್ರಿ ತಗೊಂಡು ಹೋದ ದಿನ ಮಳೆ ಬರುವುದೇ ಇಲ್ಲ. ಬಿಟ್ಟು ಹೋದ ದಿನ ಖಂಡಿತ ಬರುತ್ತದೆ. ಇದಕ್ಕೆ ಗ್ರಾಫ್ ಬೇಕಾ? ಮಲೆನಾಡಿನಲ್ಲಿ ಇದು ನಿಯಮ.

ಕಡೂರು ಲೆಕ್ಕದ ಮೇಷ್ಟ್ರು

ಇದಕ್ಕೇ ಬೇಕು. ನಾಲ್ಕು ಮನೆ ಹಾಕಿ. ಛತ್ರಿ ಇತ್ತು, ಮಳೆ ಬಂತು. ಛತ್ರಿ ಇತ್ತು, ಮಳೆ ಇಲ್ಲ. ಛತ್ರಿ ಇಲ್ಲ, ಮಳೆ ಬಂತು. ಛತ್ರಿ ಇಲ್ಲ, ಮಳೆಯೂ ಇಲ್ಲ. ದಿನಾ ಒಂದು ಮನೆಯಲ್ಲಿ ಗೆರೆ ಹಾಕಿ. ನಮಗೆ ನೆನಪಿರುವುದು ಮೂರನೇ ಮನೆ ಮಾತ್ರ, ಯಾಕಂದರೆ ಅವತ್ತು ಒದ್ದೆಯಾಗಿರುತ್ತೇವೆ. ನಾಲ್ಕನೇ ಮನೆಯ ದಿನಗಳಲ್ಲಿ ಏನೂ ನಡೆದಿರುವುದಿಲ್ಲ, ಹಾಗಾಗಿ ನೆನಪಿನಲ್ಲಿ ಉಳಿಯುವುದಿಲ್ಲ.

ತೋಟದಮನೆಯವರಿಗೆ ಇದೇ ಕಾರಣಕ್ಕೆ ಒಂದು ಪ್ರಶ್ನೆ. ಮಳೆ ಬರದ ದಿನ ನಿಮ್ಮ ಮಳೆ ಪುಸ್ತಕದಲ್ಲಿ ಏನು ಬರೆಯುತ್ತೀರಿ?

ತೋಟದಮನೆ (ಮೂಡಿಗೆರೆ)

ಸೊನ್ನೆ ಬರೆಯುತ್ತೇವೆ. ಖಾಲಿ ಬಿಟ್ಟರೆ ಅಳೆದಿಲ್ಲ ಅಂತ ಅರ್ಥ. ಸೊನ್ನೆ ಅಂದರೆ ಅಳೆದು ನೋಡಿದೆ, ಇರಲಿಲ್ಲ ಅಂತ. ನಮ್ಮ ತಂದೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಕಡೂರು ಲೆಕ್ಕದ ಮೇಷ್ಟ್ರು

ಕಷ್ಟದ ಕಾಲಂನಲ್ಲೂ ಸೊನ್ನೆ ಬರೆಯುವುದು ಶುರು ಮಾಡಿ ಸಾರ್. ಏನೂ ಕೆಡದ ದಿನವನ್ನು ಖಾಲಿ ಬಿಟ್ಟರೆ ವರ್ಷದ ಕೊನೆಗೆ ಪುಸ್ತಕದಲ್ಲಿ ಬರೀ ಕಷ್ಟವೇ ಉಳಿಯುತ್ತದೆ. ಬದುಕೇ ಕಷ್ಟ ಅಂತ ಗ್ರಾಫ್ ಹೇಳುತ್ತದೆ. ಅದು ಸುಳ್ಳು ಗ್ರಾಫ್.

ಇನ್ನೊಂದು. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಮಳೆ ಲೆಕ್ಕ ಮುಗಿಸುತ್ತಾರೆ. 2.5 ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಅದನ್ನು ಮಳೆಯ ದಿನ ಅಂತಲೇ ಎಣಿಸುವುದಿಲ್ಲ. ನಿಮ್ಮ ಅಳತೆಯಲ್ಲಿ ಅದು ಸುಮಾರು 10 ಸೆಂಟು. ನೀವೂ ಹಾಗೇ ಮಾಡಿ. 10 ಸೆಂಟಿಗಿಂತ ಕಡಿಮೆ ಇದ್ದರೆ ಅದು ಕಷ್ಟದ ದಿನ ಅಲ್ಲ. ಬರೆದಿಡಿ, ಆದರೆ ಎಣಿಸಬೇಡಿ. ಮನಸ್ಸಿನ ಅಂಕವನ್ನೂ ದಿನಾ ಒಂದೇ ಹೊತ್ತಿಗೆ ಹಾಕಿ. ಒಂದು ದಿನ ಊಟಕ್ಕೆ ಮುಂಚೆ, ಒಂದು ದಿನ ಊಟ ಆದ ಮೇಲೆ ಹಾಕಿದರೆ ನೀವು ಅಳೆಯುವುದು ಹಸಿವನ್ನು.

ಬೇಲೂರು ಬಸ್ಸು

10 ಸೆಂಟಿನ ನಿಯಮ ಇಷ್ಟ ಆಯಿತು. ಚಪ್ಪಲಿ ಔಟ್.

ಸಕಲೇಶಪುರ ಸುಂಟರಗಾಳಿ

ಇಲಾಖೆಯವರದ್ದೇ ಲೆಕ್ಕ ಅಂದರೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ನಮ್ಮ ಅಳತೆಯಲ್ಲಿ ಎರಡೂವರೆ ಇಂಚು. 204.5 ದಾಟಿದರೆ ಅತಿ ಹೆಚ್ಚು, ಅಂದರೆ 8 ಇಂಚಿನ ಮೇಲೆ. ಕಷ್ಟಕ್ಕೂ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಇಡೋಣ. ಮನೆ ಬಾಗಿಲಿಗೆ ಬಣ್ಣದ ಚೀಟಿ ಅಂಟಿಸಿದರೆ ಬರುವವರಿಗೂ ಅನುಕೂಲ.

ಬೇಲೂರು ಬಸ್ಸು

ಮೇಷ್ಟ್ರೇ, ನನ್ನ ಕಷ್ಟಕ್ಕೂ ಒಂದು ದಾರಿ ಹೇಳಿ. ನಾನು ದಿನಾ ಬಸ್ಸಿಗೆ ಕಾಯುವವನು. ಬೋರ್ಡಿನಲ್ಲಿ ಅರ್ಧ ಗಂಟೆಗೊಂದು ಬಸ್ಸು ಅಂತ ಇದೆ. ಹಾಗಾದರೆ ಸರಾಸರಿ 15 ನಿಮಿಷ ಕಾಯಬೇಕು. ಆದರೆ ನಾನು ಕಾಯುವುದು ಯಾವಾಗಲೂ ಅದಕ್ಕಿಂತ ಜಾಸ್ತಿ. ನೆನಪಿನ ಮಾತಲ್ಲ, ಬರೆದಿಟ್ಟಿದ್ದೇನೆ.

ಕಡೂರು ಲೆಕ್ಕದ ಮೇಷ್ಟ್ರು

ನಿಮ್ಮ ಲೆಕ್ಕ ನಿಜ ಇರುತ್ತದೆ. ಗಂಟೆಗೆ ಎರಡು ಬಸ್ಸು ಬರುತ್ತವೆ ಅಂತ ಇಟ್ಟುಕೊಳ್ಳಿ, ಆದರೆ ಒಂದರ ಹಿಂದೆ ಇನ್ನೊಂದು 10 ನಿಮಿಷಕ್ಕೆ, ಆಮೇಲೆ 50 ನಿಮಿಷ ಯಾವುದೂ ಇಲ್ಲ. ಸರಾಸರಿ ಅಂತರ 30 ನಿಮಿಷವೇ. ಈಗ ನೀವು ಯಾವುದೋ ಹೊತ್ತಿಗೆ ಬಂದು ನಿಲ್ಲುತ್ತೀರಿ. 60 ನಿಮಿಷದಲ್ಲಿ 50 ನಿಮಿಷ ಆ ದೊಡ್ಡ ಅಂತರದ್ದೇ. ಅಂದರೆ ಆರರಲ್ಲಿ ಐದು ಪಾಲು ಸಂದರ್ಭ ನೀವು ಅದರೊಳಗೇ ಬೀಳುತ್ತೀರಿ, ಸರಾಸರಿ 25 ನಿಮಿಷ ಕಾಯುತ್ತೀರಿ. ಉಳಿದ ಒಂದು ಪಾಲು 5 ನಿಮಿಷ. ಒಟ್ಟು ಸರಾಸರಿ ಸುಮಾರು 22 ನಿಮಿಷ. ಬಸ್ಸಿನ ಕಡೆಯವರು 30ರ ಅಂತರ ಅನ್ನುವುದೂ ಸತ್ಯ, ನೀವು 22 ಕಾಯುವುದೂ ಸತ್ಯ. ನಿಮ್ಮ ಮೇಲೆ ಯಾರಿಗೂ ದ್ವೇಷ ಇಲ್ಲ.

ಬೇಲೂರು ಬಸ್ಸು

ಇದನ್ನು ಓದಿ ಮನಸ್ಸಿಗೆ ಎಷ್ಟೋ ಸಮಾಧಾನ ಆಯಿತು. ನಿಜವಾಗಿ ಹೇಳುತ್ತಿದ್ದೇನೆ. 2,911 ಅಡಿ.

ಆಲೂರು ಆಲೂಗಡ್ಡೆ

ಬೆಣ್ಣೆ ಹಚ್ಚಿದ ರೊಟ್ಟಿ ಕೆಳಗೆ ಬಿದ್ದರೆ ಬೆಣ್ಣೆಯ ಕಡೆಯೇ ನೆಲಕ್ಕೆ. ಇದಕ್ಕೂ ಕಾರಣ ಇದೆಯಾ ಮೇಷ್ಟ್ರೇ?

ಕಡೂರು ಲೆಕ್ಕದ ಮೇಷ್ಟ್ರು

ಬ್ರೆಡ್ಡಿನ ವಿಷಯದಲ್ಲಿ ಇದೆ. ರಾಬರ್ಟ್ ಮ್ಯಾಥ್ಯೂಸ್ ಅನ್ನುವವರು 1995ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೇಜಿನ ಅಂಚಿನಿಂದ ಜಾರಿದ ಬ್ರೆಡ್ ತಿರುಗುತ್ತಾ ಬೀಳುತ್ತದೆ. ಮೇಜಿನ ಎತ್ತರ ಒಂದು ಪೂರ್ತಿ ಸುತ್ತಿಗೆ ಸಾಕಾಗುವುದಿಲ್ಲ. ಅರ್ಧ ಸುತ್ತಿಗೇ ನೆಲ ಬಂದುಬಿಡುತ್ತದೆ. ಬೆಣ್ಣೆಯ ಭಾರದಿಂದ ಅಲ್ಲ, ಮೇಜಿನ ಎತ್ತರದಿಂದ. ಅವರಿಗೆ 1996ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಕೊಪ್ಪದ ಕೂಸು

ಅಕ್ಕಿ ರೊಟ್ಟಿ ಮೆತ್ತಗಿರುತ್ತದೆ, ಬ್ರೆಡ್ಡಿನ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ನಾವು ಊಟಕ್ಕೆ ಕೂರುವುದು ನೆಲದ ಮೇಲೆ. ಬಿದ್ದರೂ ತಿರುಗಲು ಜಾಗವೇ ಇಲ್ಲ.

ಆಲೂರು ಆಲೂಗಡ್ಡೆ

ನೆಲದ ಮೇಲೆ ಕೂತರೆ 0 ಸೆಂಟು. ಬರೆದುಕೊಳ್ಳಿ.

ಒಗ್ಗರಣೆ (ಅರಸೀಕೆರೆ)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಹೇಳಲೇಬೇಕು. ಈ ಪುಸ್ತಕದಲ್ಲಿ ಪೆನ್ನು ಯಾರ ಕೈಯಲ್ಲಿದೆ?

ನಮ್ಮ ಮನೆಯಲ್ಲೂ ಯಜಮಾನರು ಹೀಗೇ ಒಂದು ಪಟ್ಟಿ ಬರೆಯುತ್ತಾರೆ. ಒಂದು ದಿನ ತೆಗೆದು ನೋಡಿದೆ. "ತಿಂಡಿ ತಡ" ಅಂತ ಅವರ ಕಷ್ಟದಲ್ಲಿ ಬರೆದಿದ್ದರು. ಆ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಹಿಟ್ಟು ಉಬ್ಬಿಲ್ಲ. ಮಗುವಿಗೆ ಜ್ವರ. ಅತ್ತೆಯ ಮಾತ್ರೆ ಮುಗಿದಿತ್ತು. ಅದೆಲ್ಲಾ ನನ್ನ ತಲೆಯ ಮೇಲೆ ಸುರಿದ ಮಳೆ. ಅವರಿಗೆ ಬಿದ್ದಿದ್ದು ಕೊನೆಯ ಹನಿ. ಆದರೆ ಗ್ರಾಫ್ ನೋಡಿದವರಿಗೆ ಆ ದಿನ ಕಷ್ಟಪಟ್ಟವರು ಅವರೇ ಅಂತ ಕಾಣುತ್ತದೆ.

ಒಂದು ರೇನ್‌ಗೇಜ್ ಇಟ್ಟು ಇಡೀ ತಾಲ್ಲೂಕಿನ ಮಳೆ ಹೇಳಲು ಆಗುತ್ತದಾ? ಅಜ್ಜಂಪುರಕ್ಕೂ ಕೊಟ್ಟಿಗೆಹಾರಕ್ಕೂ ಒಂದೇ ಜಿಲ್ಲೆ ಅಂತ ಒಂದೇ ಮಳೆಯಾ? ಹಾಗೇ ಮನೆಯಲ್ಲೂ. ಗ್ಯಾಸ್ ಮುಗಿದರೆ 1 ಇಂಚು ಅಂತ ತೋಟದಮನೆಯವರು ಬರೆದಿದ್ದಾರೆ. ಆ ಇಂಚು ಅವರ ಮೇಲೆ ಬಿದ್ದಿದ್ದಾ, ಒಲೆಯ ಮುಂದೆ ನಿಂತವರ ಮೇಲೆ ಬಿದ್ದಿದ್ದಾ? ಅವರು ನಗುತ್ತಾ ಮಲಗಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ನರ್ಸಕ್ಕ

ಇದೊಂದು ಮಾತಿಗೆ ಎದ್ದು ನಿಂತು ಚಪ್ಪಾಳೆ.

ತೋಟದಮನೆ (ಮೂಡಿಗೆರೆ)

ಅಕ್ಕಾ, ನಿಮ್ಮ ಮಾತನ್ನು ಮನೆಯವಳಿಗೆ ಓದಿ ಹೇಳಿದೆ. ಅವಳು ಪುಸ್ತಕ ತಗೊಂಡು ತನಗೊಂದು ಕಾಲಂ ಎಳೆದಳು. ಮೊದಲ ದಿನವೇ ಬರೆದಿದ್ದು "ಒದ್ದೆ ಟವೆಲ್ ಮಂಚದ ಮೇಲೆ, 30 ಸೆಂಟು". ನನ್ನ ಪಟ್ಟಿಯಲ್ಲಿ ಈ ಘಟನೆ ಇರಲೇ ಇಲ್ಲ. ಇನ್ನು ಮುಂದೆ ನಮ್ಮ ಮನೆಯಲ್ಲಿ ಎರಡು ರೇನ್‌ಗೇಜ್.

ಹೇಮಾವತಿ ದಂಡೆ (ಹಾಸನ)

ಒಳ್ಳೆಯದು. ಈಗ ಗ್ರಾಫ್ ಬರೆಯುವವರಿಗೆ ಒಂದು ಎಚ್ಚರಿಕೆ. ಡ್ಯಾಂನ ಅಡಿ ಸಮುದ್ರ ಮಟ್ಟದಿಂದ ಲೆಕ್ಕ. ಸೊನ್ನೆಯಿಂದ ಶುರು ಮಾಡಿ ಗೆರೆ ಎಳೆದರೆ 2,890ಕ್ಕೂ 2,922ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ನೀರಿನಲ್ಲಿ ಆ 32 ಅಡಿ ಬಹಳ ದೊಡ್ಡದು. ಹಾಗಾಗಿ ಗೆರೆಯ ಗ್ರಾಫ್ ಸೊನ್ನೆಯಿಂದಲೇ ಶುರುವಾಗಬೇಕು ಅಂತ ಇಲ್ಲ. ಕಂಬದ ಗ್ರಾಫ್ ಮಾತ್ರ ಸೊನ್ನೆಯಿಂದಲೇ ಹೊರಡಬೇಕು. ಅಲ್ಲಿ ನಾವು ನೋಡುವುದು ಕಂಬದ ಉದ್ದ. ಬುಡ ಕತ್ತರಿಸಿದರೆ 20 ಸೆಂಟಿನ ಸೋಮವಾರ 15 ಸೆಂಟಿನ ಮಂಗಳವಾರದ ಮೂರು ಪಟ್ಟು ಕಾಣುತ್ತದೆ.

ಸಕಲೇಶಪುರ ಸುಂಟರಗಾಳಿ

ನಾನು ಪೈ ಚಾರ್ಟ್ ಹಾಕುತ್ತೇನೆ. ನೋಡಲು ಚೆಂದ. ಫ್ಲಾರೆನ್ಸ್ ನೈಟಿಂಗೇಲ್ ಕಂಡುಹಿಡಿದಿದ್ದು ತಾನೇ ಅದು?

ನರ್ಸಕ್ಕ

ಅಲ್ಲ ತಮ್ಮಾ. ಪೈ ಚಾರ್ಟ್ ಬಂದಿದ್ದು 1801ರಲ್ಲಿ, ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಅವರಿಂದ. ಕಂಬದ ಗ್ರಾಫನ್ನೂ ಅವರೇ 1786ರಲ್ಲಿ ಪ್ರಕಟಿಸಿದ್ದರು. ನೈಟಿಂಗೇಲ್ ಅವರ ಚಿತ್ರ 1858ರದ್ದು. ಅದರಲ್ಲಿ ತಿಂಗಳಿಗೊಂದು ಎಸಳು. ಎಲ್ಲಾ ಎಸಳಿನ ಕೋನ ಒಂದೇ, ಉದ್ದ ಮಾತ್ರ ಬೇರೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯದಿಂದ ಸತ್ತಿದ್ದಕ್ಕಿಂತ ತಡೆಯಬಹುದಾದ ಕಾಯಿಲೆಯಿಂದ ಸತ್ತಿದ್ದೇ ಜಾಸ್ತಿ ಅಂತ ಒಂದೇ ನೋಟಕ್ಕೆ ತೋರಿಸಿದರು. ನಮ್ಮ ಕಷ್ಟದ ಪಟ್ಟಿಗೂ ಅದೇ ಒಳ್ಳೆಯದು. ಯಾವ ಕಷ್ಟ ತಡೆಯಬಹುದಿತ್ತು, ಯಾವುದು ತಾನಾಗಿ ಬಂತು ಅಂತ ಎರಡು ಬಣ್ಣ ಹಾಕಿ. ಹಾಲು ಉಕ್ಕುವುದು ತಡೆಯಬಹುದು. ಮರದ ಕೊಂಬೆ ಬಿದ್ದು ತಂತಿ ಕಿತ್ತರೆ ನೀವು ಏನು ಮಾಡುತ್ತೀರಿ?

ತೆಂಗಿನಗರಿ (ಚನ್ನರಾಯಪಟ್ಟಣ)

ನಾನೂ ಒಂದು ಗ್ರಾಫ್ ಇಟ್ಟಿದ್ದೆ. ಅಪ್ಪನ ಸಿಟ್ಟಿನದು. ತಮಾಷೆಗೆ ಶುರು ಮಾಡಿದ್ದು ನಾನು ಮತ್ತು ತಂಗಿ. ಸಿಟ್ಟು ಬಂದಾಗಲೆಲ್ಲ ವಾರ, ಹೊತ್ತು ಬರೆಯುವುದು. ಸ್ವಲ್ಪ ದಿನ ಆದ ಮೇಲೆ ನೋಡಿದರೆ ಶನಿವಾರ ಮಧ್ಯಾಹ್ನ ಕಂಬ ಎದ್ದು ನಿಂತಿದೆ. ಶನಿವಾರ ಅಪ್ಪ ಒಪ್ಪೊತ್ತು. ಬೆಳಿಗ್ಗೆ ಏನೂ ತಿನ್ನುವುದಿಲ್ಲ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಬಿಡುವುದಿಲ್ಲ. ತಂಗಿಗೆ ಅನುಮಾನ ಬಂದು ಮುಂದಿನ ಶನಿವಾರ ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿದಳು. 70ಕ್ಕಿಂತ ಕೆಳಗೆ ಇತ್ತು. ಡಾಕ್ಟರಿಗೆ ಆ ಹಾಳೆಯನ್ನೇ ತೋರಿಸಿದೆವು. ಮಾತ್ರೆಯ ಹೊತ್ತು, ಪ್ರಮಾಣ ಬದಲಾಯಿಸಿದರು. ಉಪವಾಸ ಬೇಡ ಅಂತಲೂ ಹೇಳಿದರು. ಈಗ ಶನಿವಾರ ಅಪ್ಪ ನಮ್ಮ ಜೊತೆ ತಿಂಡಿಗೆ ಕೂರುತ್ತಾರೆ.

ಅದಕ್ಕೇ ಹೇಳುವುದು, ಇದು ಬರೀ ತಮಾಷೆ ಅಲ್ಲ.

ನರ್ಸಕ್ಕ

ನಿಮ್ಮ ತಂಗಿ ಜಾಣೆ. ಸಕ್ಕರೆ 70ಕ್ಕಿಂತ ಇಳಿದರೆ ಬೆವರು, ನಡುಕದ ಜೊತೆ ಸಿಡಿಮಿಡಿಯೂ ಬರುತ್ತದೆ. ಮನೆಯವರು ಅದನ್ನು ಸ್ವಭಾವ ಅಂದುಕೊಂಡುಬಿಡುತ್ತಾರೆ. ಅರೆತಲೆನೋವು ಇರುವವರಿಗೂ ಡಾಕ್ಟರುಗಳು ಹೀಗೇ ಬರೆದುಕೊಂಡು ಬನ್ನಿ ಅನ್ನುತ್ತಾರೆ. ಯಾವತ್ತು ಬಂತು, ಎಷ್ಟು ನಿದ್ದೆ ಆಗಿತ್ತು, ಏನು ತಿಂದಿದ್ದಿರಿ ಅಂತ.

ಅಜ್ಜಂಪುರದ ಅಜ್ಜ

ನಮ್ಮ ಮನೆಯಲ್ಲಿ ಕಷ್ಟ ತೀರಾ ಜಾಸ್ತಿಯಾದರೆ ಉಪ್ಪು, ಮೆಣಸಿನಕಾಯಿ ಇಳಿ ತೆಗೆಯುತ್ತೇವೆ. ಮಾರನೇ ದಿನದಿಂದ ಸರಿಹೋಗುತ್ತದೆ. ಇದನ್ನೂ ನಿಮ್ಮ ಗ್ರಾಫಿನಲ್ಲಿ ಹಾಕಿ.

ಕಡೂರು ಲೆಕ್ಕದ ಮೇಷ್ಟ್ರು

ಹಾಕೋಣ ಅಜ್ಜಾ. ಆದರೆ ಇಳಿ ತೆಗೆಯುವುದು ಯಾವತ್ತು? ಎಲ್ಲಕ್ಕಿಂತ ಕೆಟ್ಟ ದಿನ. ತೀರಾ ಕೆಟ್ಟ ದಿನದ ಮಾರನೇ ದಿನ ಸಾಧಾರಣ ದಿನವೇ ಬರುವ ಸಂಭವ ಜಾಸ್ತಿ, ಇಳಿ ತೆಗೆದರೂ ಬಿಟ್ಟರೂ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆ ತಾಯಿ ಮತ್ತು ಮಕ್ಕಳ ಎತ್ತರ ಅಳೆದು ಇದನ್ನೇ ಕಂಡರು. ಬಹಳ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ಸ್ವಲ್ಪ ವಾಲುತ್ತಾರೆ.

ಅಜ್ಜಂಪುರದ ಅಜ್ಜ

ಮಾರನೇ ದಿನದ ಮಾತು ಬಿಡಿ ಮೇಷ್ಟ್ರೇ. ಇಳಿ ತೆಗೆಯುವಾಗ ಮನೆಯವರೆಲ್ಲ ಒಂದು ಕಡೆ ಕೂರುತ್ತಾರೆ, ಮಗುವಿನ ತಲೆ ಸವರುತ್ತಾರೆ. ಆ ರಾತ್ರಿಯ ಸಮಾಧಾನಕ್ಕೆ ಎಷ್ಟು ಅಡಿ?

ಹೇಮಾವತಿ ದಂಡೆ (ಹಾಸನ)

ಅದು ಹೊರಹರಿವು. ಅಜ್ಜನ ಮಾತು ಪೂರ್ತಿ ಒಪ್ಪುತ್ತೇನೆ. ಕಾಲಂನಲ್ಲಿ ಬರೆಯುತ್ತೇನೆ.

ಕಡೂರು ಲೆಕ್ಕದ ಮೇಷ್ಟ್ರು

ಅದಕ್ಕೆ ನನ್ನ ತಕರಾರಿಲ್ಲ.

ಮಂಜಿನ ಹಾದಿ (ಚಿಕ್ಕಮಗಳೂರು)

ನನಗೆ ಒಂದು ಭಯ ಇದೆ. ದಿನಾ ರಾತ್ರಿ ಕೂತು ಏನೇನು ಕೆಟ್ಟಿತು ಅಂತ ಬರೆದರೆ ಬೇಸರ ಜಾಸ್ತಿ ಆಗುವುದಿಲ್ಲವಾ? ಹೋದ ಮಳೆಗಾಲದಲ್ಲಿ ನಾನು ಬರೆಯುತ್ತಿದ್ದೆ. ಬರೆದಷ್ಟೂ ಅದೇ ಯೋಚನೆ. ನಿದ್ದೆ ಬರುತ್ತಿರಲಿಲ್ಲ. ಬಿಟ್ಟುಬಿಟ್ಟೆ.

ನರ್ಸಕ್ಕ

ಬಿಟ್ಟಿದ್ದು ಸರಿ. ಕಷ್ಟವನ್ನು ಬರೆದು ಪುಸ್ತಕ ಮುಚ್ಚಲು ಆಗುತ್ತದೆ ಅನ್ನುವವರಿಗೆ ಇದು ಒಳ್ಳೆಯದು. ಬರೆದ ಮೇಲೂ ಅದನ್ನೇ ತಿರುವಿ ಹಾಕುತ್ತಾ ಕೂರುವಂತಾದರೆ ಬೇಡ.

ಈ ಚರ್ಚೆಯಲ್ಲಿ ಎಲ್ಲರೂ ನಗುತ್ತಿರುವಾಗಲೇ ಇದನ್ನೂ ಹೇಳುತ್ತೇನೆ. ಮನಸ್ಸಿನ ಗೆರೆ ಎರಡು ವಾರಕ್ಕಿಂತ ಜಾಸ್ತಿ ಕೆಳಗೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸೆ ಇಲ್ಲ ಅನಿಸಿದರೆ, ಅದಕ್ಕೆ ಗ್ರಾಫ್ ಸಾಲದು, ಡಾಕ್ಟರು ಬೇಕು. ಬದುಕೇ ಬೇಡ ಅನಿಸಿದರೆ ಎರಡು ವಾರ ಕಾಯುವುದೇ ಬೇಡ, ಅವತ್ತೇ ಯಾರಿಗಾದರೂ ಹೇಳಿ. ಯಾರಿಗೆ ಹೇಳುವುದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. 2022ರ ಅಕ್ಟೋಬರ್ 10ರಂದು ಶುರುವಾಯಿತು. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೂನ್‌ನಿಂದ ಬಿಸಿಲೇ ಕಾಣದ ಊರು ನಮ್ಮದು. ಮಳೆಗಾಲದಲ್ಲಿ ಮನಸ್ಸು ಕುಗ್ಗಿದವರನ್ನು ನಾನು ಕೆಲಸದಲ್ಲಿ ನೋಡುತ್ತಲೇ ಇರುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮಂಜಿನ ಹಾದಿ (ಚಿಕ್ಕಮಗಳೂರು)

ಥ್ಯಾಂಕ್ಸ್ ಅಕ್ಕಾ. ನಂಬರ್ ಬರೆದುಕೊಂಡೆ.

ಬಿಳಿಹೂ (ಆಲ್ದೂರು)

ಮಂಜಿನ ಹಾದಿಯವರೇ, ಕಷ್ಟ ಬರೆಯುವುದು ಭಾರ ಅನಿಸಿದರೆ ಹೊರಹರಿವಿನ ಕಾಲಂ ಒಂದನ್ನೇ ಬರೆಯಿರಿ. ನಾನು ಹಾಗೇ ಮಾಡುವುದು. ಬಿಸಿಲು ಬಂತು, ಬಟ್ಟೆ ಒಣಗಿತು. ಕೊಟ್ಟಿಗೆಹಾರದಲ್ಲಿ ನೀರು ದೋಸೆ. ಭಾನುವಾರ ಬಿಡುವಾದರೆ ಆಲ್ದೂರಿಗೆ ಬನ್ನಿ, ಕಾಫಿ ಕುಡಿದು ಹೋಗುವಿರಂತೆ.

ಸಕಲೇಶಪುರ ಸುಂಟರಗಾಳಿ

ಕೊಟ್ಟಿಗೆಹಾರದ ನೀರು ದೋಸೆಗೆ ಎಷ್ಟು ಅಡಿ ಇಳಿಯುತ್ತದೆ?

ಬಿಳಿಹೂ (ಆಲ್ದೂರು)

ಜೊತೆಗೆ ಕೋಳಿ ಸಾರು ಇದ್ದರೆ ಗೇಟು ಪೂರ್ತಿ ಓಪನ್.

ತೋಟದಮನೆ (ಮೂಡಿಗೆರೆ)

ಎಲ್ಲರ ಮಾತು ಸೇರಿಸಿ ಹೊಸ ಹಾಳೆ ಹಾಕಿದ್ದೇನೆ. ತಾರೀಖು, ಗಂಟೆ, ಮಳೆ, ನನ್ನ ಕಷ್ಟ, ಅವಳ ಕಷ್ಟ, ತಡೆಯಬಹುದಿತ್ತಾ, ಹೊರಹರಿವು, ರಾತ್ರಿ 9ಕ್ಕೆ ಡ್ಯಾಂ ಮಟ್ಟ. ಏನೂ ಇಲ್ಲದ ದಿನ ಸೊನ್ನೆ. ಅಜ್ಜನಿಗಾಗಿ ರಾಹುಕಾಲದ ಕಾಲಂ ಕೂಡ ಇದೆ. ಯಾರಿಗೆ ಬೇಕೋ ಕೇಳಿ, ಕಳಿಸುತ್ತೇನೆ. ಒಂದು ಮಾತ್ರ ತೀರ್ಮಾನ ಆಗಿಲ್ಲ. ಹೇಳದೆ ಬರುವ ನೆಂಟರು ಎಷ್ಟು ಸೆಂಟು?

ಆಲೂರು ಆಲೂಗಡ್ಡೆ

75. ರಾತ್ರಿ ಉಳಿಯುವವರಾದರೆ 1 ಇಂಚು.

ತೆಂಗಿನಗರಿ (ಚನ್ನರಾಯಪಟ್ಟಣ)

ನೆಂಟರನ್ನು ಕಷ್ಟದಲ್ಲಿ ಹಾಕುತ್ತೀರಾ? ನಮ್ಮ ಕಡೆ ಅದು ಒಳಹರಿವು.

ಒಗ್ಗರಣೆ (ಅರಸೀಕೆರೆ)

ಯಾರು ಅಡುಗೆ ಮಾಡುತ್ತಾರೋ ಅವರನ್ನು ಕೇಳಿ ಅಂಕಿ ಹಾಕಿ.